ನಾಲ್ಕು ಲೋಟದ ಹೊಗೆ

ಗಂಡನ ಹೊಗೆ ಸುತ್ತಿ ತರಲು ಹೋದ ಹೆಂಗಸಿಗೆ, ಈ ಹೊಗೆ ನಿನ್ನ ಕೈಯ ಅಳತೆಯದ್ದಲ್ಲ ಎಂದು ಕಡಲಿನ ನಡುವೆ ಗೊತ್ತಾದರೆ ಹೇಗಾಗುತ್ತದೆ ಎಂದು ನನ್ನನ್ನು ಕೇಳಿ. ಬೇರೆ ಯಾರನ್ನೂ ಕೇಳಬೇಡಿ. ನಮ್ಮೂರಿನಲ್ಲಿ ಅಂಥ ಹೆಂಗಸು ನಾನೊಬ್ಬಳೇ.

ನಮ್ಮೂರಿನ ದೋಣಿಗಳ ಹೊಗೆ ಗಾಳಿಗೆ ಚದುರುವುದಿಲ್ಲ. ದೋಣಿಗಳು ತಂಗುವ ದಕ್ಕೆಯಿಂದ ಒಂದು ದೋಣಿ ಹೊರಟಿತೆಂದರೆ ಅದರ ಮೋಟಾರಿನ ಹೊಗೆ ನೀರಿನ ಮೇಲೆ ಆಳೆತ್ತರದಲ್ಲಿ ಹಗ್ಗದಂತೆ ನಿಂತುಬಿಡುತ್ತದೆ. ಹೊಳೆ ಕಡಲಿಗೆ ಸೇರುವ ಅಳಿವೆ ದಾಟಿ, ದೋಣಿ ಹೋದಷ್ಟು ದೂರಕ್ಕೂ ಹೊಗೆ ಹೋಗುತ್ತದೆ. ದೋಣಿ ಅದೇ ದಾರಿಯಲ್ಲಿ ತಿರುಗಿದರೆ ಹೊಗೆಯೂ ಮೋಟಾರಿನೊಳಗೆ ಸುತ್ತಿಕೊಳ್ಳುತ್ತಾ ಬರುತ್ತದೆ. ನಾವು ಅಂಗಳದಲ್ಲಿ ಅಕ್ಕಿ ಆರಿಸುತ್ತಾ ತಲೆಯೆತ್ತಿದರೆ ಸಾಕು, ಯಾರ ಗಂಡ ಯಾವ ದಿಕ್ಕಿಗೆ ಹೋಗಿದ್ದಾನೆ, ಯಾರವನು ಮನೆಯ ಕಡೆ ಮುಖ ಮಾಡಿದ್ದಾನೆ ಎಂದು ತಿಳಿಯುತ್ತದೆ. ಸಾರಿಗೆ ಮಸಾಲೆ ಯಾವಾಗ ಅರೆಯಬೇಕೆಂದು ಹೊಗೆ ನೋಡಿಯೇ ತೀರ್ಮಾನಿಸುತ್ತೇವೆ. ನಮ್ಮ ಗಂಡಸರು ಎಲ್ಲಿಗೆ ಹೋಗಿದ್ದೆವೆಂದು ಸುಳ್ಳು ಹೇಳುವುದಿಲ್ಲ. ಅಷ್ಟು ಒಳ್ಳೆಯವರೆಂದಲ್ಲ, ಹೇಳಿ ಉಪಯೋಗವಿಲ್ಲವೆಂದು.

ಹೊಗೆ ನೋಡುವವರು ಹೆಂಗಸರಾದ್ದರಿಂದ ಪೆಟ್ರೋಲಿಗೆ ಎಣ್ಣೆ ಬೆರೆಸುವುದೂ ಹೆಂಗಸರದೇ ಕೆಲಸ. ಮೋಟಾರಿನ ಜೊತೆ ಬಂದ ಪುಸ್ತಕದಲ್ಲಿ ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಎಂದು ಬರೆದಿದೆಯಂತೆ. ಹಾಗೆ ಬೆರೆಸಿದರೆ ಹೊಗೆ ಜೇಡನ ನೂಲಿನಷ್ಟು ತೆಳ್ಳಗಿರುತ್ತದೆ, ಅದು ಯಾರ ಕಣ್ಣಿಗೆ ಕಾಣಬೇಕು? ಹಾಗಾಗಿ ಒಂದೊಂದು ಮನೆಯದು ಒಂದೊಂದು ಅಳತೆ. ನಮ್ಮ ಮನೆಯಲ್ಲಿ ಹತ್ತು ಲೀಟರಿನ ಕ್ಯಾನಿಗೆ ಎರಡು ಲೋಟ, ಅಂದರೆ ಇಪ್ಪತ್ತೈದಕ್ಕೆ ಒಂದು. ನಾನು ಮದುವೆಯಾಗಿ ಬಂದಾಗ ಅತ್ತೆ ರಾಜೀವಿಯಮ್ಮ ದೇವರ ಕೋಣೆ ತೋರಿಸುವ ಮೊದಲೇ ಆ ಸ್ಟೀಲ್ ಲೋಟ ತೋರಿಸಿದ್ದರು.

"ಅಂಚಿನವರೆಗೆ ಹಾಕುದು, ಎರಡೇ ಸಲ. ಸಾರಿಗೆ ಉಪ್ಪು ಹೆಚ್ಚು ಕಮ್ಮಿ ಆದ್ರೆ ನಾವು ಉಣ್ತೇವೆ. ಇದು ಆಗ್ಬಾರ್ದು, ಗೊತ್ತಾಯ್ತಾ?" ಎಂದಿದ್ದರು.

ಅಂದಿನಿಂದ ನಾನು ಎರಡು ಲೋಟ ತಪ್ಪಿಸಿದವಳಲ್ಲ. ಎಣ್ಣೆ ಕಡಿಮೆಯಾದರೆ ಮೋಟಾರು ಸುಟ್ಟು ಹಿಡಿದುಕೊಳ್ಳುತ್ತದೆ ಎಂದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಹೆಚ್ಚಾದರೆ ಏನೂ ಆಗುವುದಿಲ್ಲ, ಹೊಗೆ ದಪ್ಪ ಬರುತ್ತದೆ, ಅಷ್ಟೆ ಎಂದು ಎಲ್ಲರೂ ನಂಬಿದ್ದೆವು. ಮೋಟಾರು ರಿಪೇರಿ ಮಾಡುವ ಸಿರಿಲಣ್ಣ ಒಬ್ಬ ಮಾತ್ರ ಹಾಗಲ್ಲ ಎನ್ನುತ್ತಿದ್ದ. ಅವನು ಮದುವೆಯಾಗದವನು, ಯಾರ ಹೊಗೆಗೂ ಕಾಯದವನು, ಅವನಿಗೇನು ಗೊತ್ತು ಎಂದು ನಾವು ನಗುತ್ತಿದ್ದೆವು.

ನನ್ನ ಗಂಡ ವಾಮನ ಹೋದ ವರ್ಷ ಮಳೆಗಾಲಕ್ಕೆ ದೋಣಿ ಎಳೆದಿಡುವ ಹೊತ್ತಿಗೆ ಕಡಲಿಗೆ ಹೋದವರು ಬರಲಿಲ್ಲ. ದೋಣಿ ಅಳಿವೆಯ ಹೊರಗೆ ಮಗುಚಿಕೊಂಡು ಸಿಕ್ಕಿತು. ಇವರು ಸಿಗಲಿಲ್ಲ. ಹೊಗೆ ಮಾತ್ರ ದಕ್ಕೆಯಿಂದ ಹೊರಟು, ನಮ್ಮ ಮನೆಯ ಎದುರಿನಿಂದ ಹಾದು, ಕಡಲಿನೊಳಗೆ ಹೋಗಿ ನಿಂತಿತ್ತು. ಇಡೀ ಮಳೆಗಾಲ ಅದು ಗಾಳಿಮಳೆಗೆ ಅಲುಗದೆ ಅಲ್ಲೇ ಇತ್ತು. ನಾನು ಬಾಗಿಲು ತೆರೆದರೆ ಅದು. ಬಟ್ಟೆ ಒಗೆಯಲು ಕೂತರೆ ಅದು. ಒಂದೊಂದು ಸಲ ಸಿಟ್ಟು ಬಂದು ಅದಕ್ಕೆ ಬೈದದ್ದೂ ಉಂಟು.

ತಿರುಗಿ ಬಾರದವನ ಹೊಗೆಯನ್ನು ಅವನ ಮನೆಯವರು ಮುಂದಿನ ಮೀನುಗಾರಿಕೆ ಶುರುವಾಗುವ ಮೊದಲು ಸುತ್ತಿ ತರಬೇಕು. ನಮ್ಮಲ್ಲಿ ಅದೇ ಸಂಸ್ಕಾರ. ಬೇರೆ ದೋಣಿಯಲ್ಲಿ ಹೊಗೆಯ ತುದಿಯವರೆಗೆ ಹೋಗಿ, ಅದೇ ಅಳತೆಯ ಎಣ್ಣೆ ಹಾಕಿದ ಮೋಟಾರು ನಡೆಸಿಕೊಂಡು ಹಿಂದೆ ಬರಬೇಕು. ಅಳತೆ ಬೇರೆಯಾದರೆ ಮೋಟಾರು ಆ ಹೊಗೆಯನ್ನು ಮುಟ್ಟುವುದಿಲ್ಲ. ಹೊತ್ತು ಮೀರಿದರೆ ಹೊಗೆ ಗಟ್ಟಿಯಾಗಿ ಶಾಶ್ವತವಾಗಿ ಉಳಿದುಬಿಡುತ್ತದೆ. ಅಂಥವು ಅಳಿವೆಯ ಮೇಲೆ ಈಗಾಗಲೇ ಎರಡಿವೆ. ಅವುಗಳ ಮೇಲೆ ಕಾಗೆಗಳು ಕೂರುತ್ತವೆ. ಆ ಎರಡು ಮನೆಯವರು ಬೀದಿಯಲ್ಲಿ ತಲೆಯೆತ್ತಿ ನಡೆದದ್ದನ್ನು ನಾನು ನೋಡಿಲ್ಲ. ನನ್ನ ಗಂಡನ ಮೇಲೆ ಕಾಗೆ ಕೂರುವುದು ನನಗೆ ಬೇಡವಾಗಿತ್ತು. ಅವರನ್ನು ಹೇಗಾದರೂ ಮನೆಗೆ ತರಬೇಕು, ಅದೊಂದೇ ನನ್ನ ತಲೆಯಲ್ಲಿದ್ದದ್ದು.

ಅಡ್ಡ ಬಂದವರು ಅತ್ತೆ. ಅವರ ಎರಡೂ ಕಣ್ಣು ನಾಲ್ಕೈದು ವರ್ಷದಿಂದ ಮಂಜಾಗುತ್ತಾ ಬಂದಿದ್ದವು. ಇನ್ನು ಮಾಡುವಂಥದ್ದೇನೂ ಇಲ್ಲ ಎಂದು ಡಾಕ್ಟರು ಕೈಬಿಟ್ಟಿದ್ದರು. ನನ್ನ ಮುಖ ಅವರಿಗೆ ಕಾಣದು, ತಟ್ಟೆಯಲ್ಲಿ ಮೀನಿನ ಮುಳ್ಳು ಕಾಣದು. ಆದರೆ ಮಗನ ಹೊಗೆ ಕಾಣುತ್ತದೆ ಎನ್ನುತ್ತಿದ್ದರು. ಇವರು ಬದುಕಿದ್ದಾಗಲೂ ಹಾಗೆ. ದಕ್ಕೆಯ ಸಿಮೆಂಟು ಕಟ್ಟೆಯ ಮೇಲೆ ಕೂತು, "ಹೋಯ್ತು ನೋಡು ನನ್ನ ಮಗನ ಹೊಗೆ, ಎಷ್ಟು ಚಂದ ಹೋಯ್ತು" ಎಂದು ಬಂದುಹೋಗುವವರಿಗೆಲ್ಲ ಹೇಳುತ್ತಿದ್ದರು.

"ಅದನ್ನು ಸುತ್ಬೇಡ ಯಮುನಾ," ಎಂದು ಮಳೆಗಾಲವಿಡೀ ನನ್ನ ಬೆನ್ನು ಹಿಡಿದರು. "ಇರ್ಲಿ ಬಿಡು. ನನಗೆ ಈಗ ಕಾಣುದು ಅದೊಂದೇ."

"ಅದರ ಮೇಲೆ ಕಾಗೆ ಕೂತ್ರೆ ನಿಮಗೆ ಚಂದ ಕಾಣ್ತದಾ ಅತ್ತೆ?" ಎಂದು ನಾನು ಒಮ್ಮೆ ಗದರಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮೀನುಗಾರಿಕೆ ಶುರುವಾಗುವ ಹಿಂದಿನ ದಿನ, ಬೆಳಗಿನ ಗಂಜಿ ಮುಗಿಸಿ ಸಿರಿಲಣ್ಣನ ದೋಣಿ ಹತ್ತಿದೆ. ಮೈದುನ ದಾಮು ಬರುವಂತಿರಲಿಲ್ಲ. ಮರುದಿನದಿಂದ ಮನೆಯ ದೋಣಿ ಬಿಡುವವನು ಅವನು, ಮೀನಿಗೆ ಹೋಗುವವರು ಸತ್ತವನ ಹೊಗೆಯ ತುದಿ ನೋಡಬಾರದು ಎಂಬುದು ಕಟ್ಟಳೆ. ಅವನು ಅತ್ತೆಯ ಪಕ್ಕದಲ್ಲಿ ದಕ್ಕೆಯಲ್ಲೇ ಕೂತ. ನಾನು ಎರಡು ಲೋಟದ ಕ್ಯಾನು, ಅದೇ ಸ್ಟೀಲ್ ಲೋಟ, ಬೇಕಾದರೆ ಇರಲಿ ಎಂದು ಒಂದಿಷ್ಟು ಎಣ್ಣೆ ಜೊತೆಗಿಟ್ಟುಕೊಂಡಿದ್ದೆ. ಹೋಗುವಾಗ ಸಿರಿಲಣ್ಣ ಬೇರೆ ಕ್ಯಾನಿನಿಂದ, ಪುಸ್ತಕದ ಅಳತೆಯಲ್ಲಿ, ಕಣ್ಣಿಗೆ ಕಾಣದಷ್ಟು ತೆಳ್ಳಗೆ ಹೊಗೆ ಬಿಡುತ್ತಾ ಮೋಟಾರು ನಡೆಸಿದ. ಇವರ ಹೊಗೆ ನನ್ನ ತಲೆಯ ಮೇಲೆ ಉದ್ದಕ್ಕೂ ಬಂತು. ಅಷ್ಟು ಹತ್ತಿರದಿಂದ ನಾನದನ್ನು ನೋಡಿದ್ದು ಅದೇ ಮೊದಲು. ತೋಳಿನಷ್ಟು ದಪ್ಪವಿತ್ತು. ಕೊನೆಯ ಕೆಲವು ತಿಂಗಳು ಇವರ ಹೊಗೆ ದಪ್ಪವಾಗುತ್ತಾ ಹೋಗಿದ್ದು ನನಗೆ ಗೊತ್ತಿತ್ತು. ಒಳ್ಳೆಯ ಎಣ್ಣೆ ತರುತ್ತೇನೆ ಎಂದು ನೆರೆಕೆರೆಯವರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ.

ತುದಿ ಸಿಕ್ಕಿತು. ಹೊಗೆ ನೆಟ್ಟಗೆ ಹೋಗಿ ಮುಗಿದಿರಲಿಲ್ಲ. ಮುಗಿಯುವ ಜಾಗದಲ್ಲಿ ಅದು ಕಡಿದುಹೋಗಿತ್ತು. ಅಲ್ಲಿಂದ ಮುಂದೆ ಒಂದು ಉಂಡೆ ಹೊಗೆ, ಒಂದಿಷ್ಟು ಖಾಲಿ, ಮತ್ತೊಂದು ಉಂಡೆ, ಮತ್ತೆ ಖಾಲಿ. ಹಾಗೇ ಸಣ್ಣ ಸಣ್ಣ ಕಪ್ಪು ಉಂಡೆಗಳು ಅಡ್ಡಡ್ಡಕ್ಕೆ, ಅಲೆ ಹೊಡೆದ ಕಡೆಗೆ ವಾಲುತ್ತಾ ಹೋಗಿದ್ದವು. ಕೊನೆಕೊನೆಯವು ಮುಷ್ಟಿಗಿಂತ ದೊಡ್ಡವಿರಲಿಲ್ಲ.

"ಎಂತದು ಸಿರಿಲಣ್ಣ ಇದು?"

ಸಿರಿಲಣ್ಣ ಟೋಪಿ ತೆಗೆದ. ಹೇಳಲು ಅವನಿಗೆ ಮನಸ್ಸಿರಲಿಲ್ಲ. "ಮೋಟಾರು ನಿಂತಿದೆ ಯಮುನಕ್ಕ. ಇದೆಲ್ಲ ಅವ್ನು ಮೋಟಾರು ಹತ್ತಿಸ್ಲಿಕ್ಕೆ ಹಗ್ಗ ಎಳೆದದ್ದು. ಒಂದೊಂದು ಸಲ ಎಳೆದಾಗ ಒಂದೊಂದು ಸಲ ಕೆಮ್ಮಿದೆ, ಅಷ್ಟೆ. ಹತ್ಲಿಲ್ಲ."

ನಾನು ದೋಣಿಯ ಅಂಚು ಹಿಡಿದು ಕೂತುಬಿಟ್ಟೆ. ಇವರು ಅಲೆಗೆ ಸಿಕ್ಕಿ ಒಂದೇಟಿಗೆ ಹೋದರು ಎಂದು ಊರೆಲ್ಲ ನನಗೆ ಸಮಾಧಾನ ಹೇಳಿತ್ತು. ಒಂದೇಟಿಗೆ ಹೋಗಿರಲಿಲ್ಲ. ಎಳೆದು, ಎಳೆದು, ಕೈ ಸೋಲುವವರೆಗೆ ಎಳೆದಿದ್ದರು. ಅವರ ಬಲದ ಭುಜ ನೋಯುತ್ತಿತ್ತು, ನಾನು ರಾತ್ರಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದೆ. ಆ ಭುಜದಿಂದ ಎಳೆದಿದ್ದರು. ಆ ಉಂಡೆಗಳನ್ನು ನೋಡಿ ನನಗೆ ಅಳುವೂ ಬರಲಿಲ್ಲ.

"ಶುರು ಮಾಡು. ಅವರನ್ನು ಮನೆಗೆ ಕೊಂಡೋಗುವ," ಎಂದೆ.

ಸಿರಿಲಣ್ಣ ಪೈಪನ್ನು ನನ್ನ ಕ್ಯಾನಿಗೆ ಸಿಕ್ಕಿಸಿ, ಪೈಪಿನಲ್ಲಿದ್ದ ಹಳೆಯದು ಖರ್ಚಾಗುವವರೆಗೆ ಮೋಟಾರು ಓಡಿಸಿ, ಕೊನೆಯ ಉಂಡೆಯ ಕೆಳಗೆ ದೋಣಿ ತಂದ. ಉಂಡೆ ಅಲುಗಲಿಲ್ಲ. ಇನ್ನೊಮ್ಮೆ ತಂದ. ಅಲುಗಲಿಲ್ಲ. ನಾನು ಎದ್ದು ನಿಂತು ಅದನ್ನೇ ದಿಟ್ಟಿಸಿದೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರವಿತ್ತು. ನನ್ನ ಕೈಯಾರೆ ಬೆರೆಸಿದ ಎಣ್ಣೆ, ನನ್ನ ಗಂಡನ ಹೊಗೆ, ಒಂದಕ್ಕೊಂದು ಗುರುತೇ ಇಲ್ಲದ ಹಾಗೆ ಇದ್ದವು.

"ಅಳತೆ ತಪ್ಪಿದ್ರೋ ಹೇಗೆ?" ಎಂದ ಸಿರಿಲಣ್ಣ ಮೆಲ್ಲಗೆ.

"ಇಷ್ಟು ವರ್ಷದಲ್ಲಿ ತಪ್ಪದ್ದು ಇವತ್ತು ತಪ್ತದಾ?" ಎಂದು ಅವನ ಮೇಲೆ ಹರಿಹಾಯ್ದೆ. ಆಮೇಲೆ ಥಟ್ಟನೆ ಹೊಳೆಯಿತು. ನನ್ನ ಅಳತೆ ತಪ್ಪಿಲ್ಲವೆಂದಾದರೆ ಆ ದಿನ ಕ್ಯಾನಿಗೆ ಬಿದ್ದ ಎಣ್ಣೆ ನನ್ನದಲ್ಲ. ನಮ್ಮೂರಿನಲ್ಲಿ ಗಂಡಸಿನ ಕ್ಯಾನಿಗೆ ಬೇರೆ ಹೆಂಗಸು ಎಣ್ಣೆ ಹಾಕಿದಳೆಂದರೆ ಅದಕ್ಕೆ ಅರ್ಥ ಒಂದೇ. ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

"ಇಷ್ಟು ದಪ್ಪ ಹೊಗೆ ಬರ್ಬೇಕಾದ್ರೆ ಮೂರು ಲೋಟ. ಮೂರು ಹಾಕುದು ಯಾರ ಮನೆಯಲ್ಲಿ?"

ಸಿರಿಲಣ್ಣ ನೀರು ನೋಡಿದ.

"ಬಾಯಿ ಬಿಡು ಮಾರಾಯ. ಊರಿನ ಮೋಟಾರೆಲ್ಲ ಬಿಚ್ಚುದು ನೀನೇ ಅಲ್ವಾ?"

"ತಿರುವಿನ ಮನೆಯಲ್ಲಿ," ಎಂದ. "ಪ್ರಭಾವತಿಯಕ್ಕನಲ್ಲಿ. ಆದ್ರೆ ನೀವು ಹಾಗೆಲ್ಲ ಎಣಿಸ್ಬೇಡಿ."

ಎಣಿಸದೆ ಇರುವುದು ಹೇಗೆ? ಪ್ರಭಾವತಿ ನನ್ನ ಗಂಡನನ್ನು ಕಂಡಾಗಲೆಲ್ಲ "ವಾಮನಣ್ಣ, ವಾಮನಣ್ಣ" ಎಂದು ನಾಲ್ಕು ಮನೆಗೆ ಕೇಳುವಂತೆ ಕರೆಯುತ್ತಿದ್ದಳು. ಇವರು ಹೋದಾಗ ನನಗಿಂತ ಹೆಚ್ಚು ಅತ್ತದ್ದು ಅವಳು. ಸತ್ತ ಗಂಡನ ಹೊಗೆಯ ಕೆಳಗೆ ನಿಂತು ನಾನು ಅವರಿಗೆ ಬಾಯಿಗೆ ಬಂದದ್ದೆಲ್ಲ ಬೈದೆ. ಸಿರಿಲಣ್ಣ ಕಿವಿ ಕೇಳದವನ ಹಾಗೆ ಮೋಟಾರಿನ ಪ್ಲಗ್ಗು ಬಿಚ್ಚಿ ಒರೆಸುತ್ತಿದ್ದ. ನಾನು ಲೋಟ ತುಂಬಿಸಿ ಕ್ಯಾನಿಗೆ ಸುರಿದೆ. ಅಲೆಗೆ ದೋಣಿ ವಾಲಿ ಅರ್ಧ ಸೀರೆಯ ಮೇಲೆ ಬಿತ್ತು. ಮತ್ತೆ ಅಷ್ಟು ಹಾಕಿ ಮೂರು ಮಾಡಿದೆ. ಕ್ಯಾನು ಅಲ್ಲಾಡಿಸಿದೆ.

ಮೂರಕ್ಕೂ ಅಲುಗಲಿಲ್ಲ.

ನನಗೆ ನಗು ಬಂತು. ಕೆಟ್ಟ ನಗು, ನಿಲ್ಲಲೇ ಇಲ್ಲ. ಒಂದು ಉಸಿರಿನ ಹಿಂದೆ ಅನ್ನಬಾರದ್ದೆಲ್ಲ ಅಂದಿದ್ದೆ, ಈಗ ಆ ಉಂಡೆಗಳಿಗೆ ಹೇಗೆ ಮುಖ ತೋರಿಸುವುದು ಎಂದು ತಿಳಿಯಲಿಲ್ಲ. ಸಿರಿಲಣ್ಣ ಮಾತ್ರ ನಗದೆ ಮೇಲಕ್ಕೆ ನೋಡುತ್ತಿದ್ದ.

"ಇದು ಮೂರರ ಕಪ್ಪೂ ಅಲ್ಲ ಯಮುನಕ್ಕ. ಇನ್ನೂ ಹೆಚ್ಚು. ಆ ದಿನ ಅವ್ನ ಪ್ಲಗ್ಗು ಮಸಿ ಹಿಡಿದು ಕಿಡಿ ಬಿಡದ ಹಾಗೆ ಆಗಿದೆ. ಮೋಟಾರು ಸತ್ತದ್ದು ಎಣ್ಣೆ ಹೆಚ್ಚಾಗಿ. ಕೊನೆಗೆ ಕೊನೆಗೆ ಅವ್ನ ಪ್ಲಗ್ಗು ನಾನೇ ಎಷ್ಟು ಸಲ ಉಜ್ಜಿ ಕೊಟ್ಟಿದ್ದೇನೆ. ಎಣ್ಣೆ ಕಮ್ಮಿ ಹಾಕ್ಲಿಕ್ಕೆ ಹೇಳು ಅಂತ ಹೇಳಿದ್ದೆ."

ಇವರು ನನಗೆ ಹೇಳಿದ್ದೂ ಉಂಟು. "ಪ್ಲಗ್ಗು ಕಪ್ಪು ಕಟ್ತದೆ ಮಾರಾಯ್ತಿ, ಎಣ್ಣೆ ಸರಿ ಉಂಟಾ?" ಎಂದು ಕೇಳಿದಾಗ, ಎರಡೇ ಲೋಟ ಹಾಕುವ ನಾನು ಎಣ್ಣೆ ಅಂಗಡಿಯವನ ಹತ್ತಿರ ಹೋಗಿ ಕಲಬೆರಕೆ ಮಾಡುತ್ತೀಯಾ ಎಂದು ಜಗಳ ಮಾಡಿ ಬಂದಿದ್ದೆ.

ನಾಲ್ಕನೆಯ ಲೋಟ ಹಾಕಿದೆ. ಎರಡಕ್ಕೆ ಎರಡು ಸೇರಿಸಿದ ಹಾಗೆ, ಸರಿಯಾಗಿ ಇಮ್ಮಡಿ. ಮೋಟಾರು ಗಂಟಲು ಕಟ್ಟಿದಂತೆ ಕೆಮ್ಮಿತು. ಕೊನೆಯ ಉಂಡೆ ಒಮ್ಮೆ ನಡುಗಿ, ಕೆಳಗಿಳಿದು, ಮೋಟಾರಿನೊಳಗೆ ಸೇರಿಹೋಯಿತು. ಅದರ ಹಿಂದೆ ಇನ್ನೊಂದು.

ಸಿರಿಲಣ್ಣ ಶಿಲುಬೆಯ ಗುರುತು ಮಾಡಿದ. ನಾನು ನನ್ನ ಸೀರೆಯನ್ನೇ ನೋಡುತ್ತಿದ್ದೆ. ಚೆಲ್ಲಿದ ಎಣ್ಣೆ ಬಟ್ಟೆಯ ಮೇಲೆ ನೀಲಿ ಕಲೆಯಾಗಿ ಹರಡಿತ್ತು. ಆ ಕಲೆಯನ್ನು ನಾನು ಹಿಂದೆ ಸೋಪು ಹಾಕಿ, ಕಲ್ಲಿಗೆ ಬಡಿದು ತೆಗೆದಿದ್ದೆ, ಒಂದು ಸಲವಲ್ಲ. ಅತ್ತೆಯ ಸೆರಗಿನಿಂದ. ಇದೆಲ್ಲಿ ತಾಗಿತು ಅತ್ತೆ ಎಂದರೆ, ಕಣ್ಣು ಕಾಣುವುದಿಲ್ಲ, ಎಲ್ಲೋ ತಾಗಿರಬೇಕು ಎಂದಿದ್ದರು. ನಾನು ಬೆರೆಸಿದ ಕ್ಯಾನು ಇವರು ಎತ್ತಿಕೊಂಡು ಹೋಗುವವರೆಗೆ ಇರುತ್ತಿದ್ದದ್ದು ಹಿಂದಿನ ಚಾವಡಿಯಲ್ಲಿ, ಅತ್ತೆಯ ಮಂಚದ ಪಕ್ಕ. ಕಣ್ಣು ಒಂದಿಷ್ಟು ಮಂಜಾದಾಗ ಅದಕ್ಕೆ ಒಂದು ಗುಟುಕು ಎಣ್ಣೆ ಸುರಿದಿದ್ದಾರೆ, ಇನ್ನಷ್ಟು ಮಂಜಾದಾಗ ಅರ್ಧ ಲೋಟ, ಕೊನೆಗೆ ತುಂಬಿದ ಎರಡು ಲೋಟ. ಮಗನ ಹೊಗೆ ಕಾಣಬೇಕಲ್ಲ.

"ಯಾರದ್ದು ಅಂತ ಗೊತ್ತಾಯ್ತಾ?" ಎಂದ ಸಿರಿಲಣ್ಣ.

"ಗೊತ್ತಾಯ್ತು. ನೀನು ದೋಣಿ ಬಿಡು," ಎಂದೆ.

ಆ ಅಳತೆಯಲ್ಲೇ ಮನೆಯವರೆಗೆ ಬರಬೇಕಿತ್ತು. ಇವರನ್ನು ಕೊಂದ ಎಣ್ಣೆಯಿಂದಲೇ ಇವರನ್ನು ತರಬೇಕು, ಬೇರೆ ದಾರಿ ಇಲ್ಲ. ಮೋಟಾರು ಮತ್ತೆ ಮತ್ತೆ ನಿಂತಿತು. ನಿಂತಾಗಲೆಲ್ಲ ಸಿರಿಲಣ್ಣ ಪ್ಲಗ್ಗು ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಹಾಕಿ, ಹಗ್ಗ ಎಳೆಯುತ್ತಿದ್ದ. ಅವನ ಕೈ ಸೋತಾಗ ನಾನು ಎಳೆದೆ. ಅಳಿವೆಯ ಬಾಯಲ್ಲಿ, ಅಲೆ ಎರಡೂ ಕಡೆಯಿಂದ ಏಳುವ ಜಾಗದಲ್ಲಿ ಮೋಟಾರು ಸದ್ದಿಲ್ಲದೆ ನಿಂತಿತು. ದೋಣಿ ಅಡ್ಡ ತಿರುಗಿತು. ಸಿರಿಲಣ್ಣ ತನ್ನಲ್ಲಿದ್ದ ಕೊನೆಯ ಹೊಸ ಪ್ಲಗ್ಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹಳೆಯದನ್ನು ಬಿಚ್ಚುತ್ತಿದ್ದ. ನಾನು ಆ ಹಗ್ಗ ಹಿಡಿದು ಕಾಯುತ್ತಿದ್ದೆ. ಇವರಿಗೆ ಪ್ಲಗ್ಗು ಕೊಡಲು ಯಾರೂ ಇರಲಿಲ್ಲ, ಹಗ್ಗ ಎಳೆಯಲು ಇನ್ನೊಂದು ಕೈ ಇರಲಿಲ್ಲ. ಎಳೆದೆ. ಹತ್ತಿತು.

ಅಲ್ಲಿಂದ ದಕ್ಕೆಯವರೆಗೆ ನಾನು ಒಂದೇ ಮಾತನ್ನು ಬಾಯಲ್ಲಿ ಸಿದ್ಧ ಮಾಡುತ್ತಾ ಬಂದೆ. ಅತ್ತೆ, ನಿಮ್ಮ ಮಗನನ್ನು ಕೊಂದದ್ದು ಕಡಲಲ್ಲ, ನಿಮ್ಮ ಲೋಟ. ಇಷ್ಟೇ ಹೇಳುವುದು. ಊರಿನವರ ಮುಂದೆಯೇ ಹೇಳುವುದು. ಮಳೆಗಾಲವಿಡೀ ನನ್ನನ್ನು ತಡೆದದ್ದು ಯಾಕೆಂದು ಎಲ್ಲರಿಗೂ ತಿಳಿಯಲಿ. ಅದನ್ನು ಕೇಳಿದ ಮೇಲೆ ಅವರ ಮುಖ ಹೇಗಾಗುತ್ತದೆ ಎಂದು ನೋಡುವ ಆಸೆಯೂ ನನಗಿತ್ತು. ಇದ್ದದ್ದನ್ನು ಇಲ್ಲ ಎನ್ನುವುದಿಲ್ಲ.

ದಕ್ಕೆಗೆ ತಾಗುವಾಗ ಹೊಗೆಯ ಕೊನೆಯ ತುಂಡು ಮೋಟಾರಿನೊಳಗೆ ಸೇರಿತು. ಸಿರಿಲಣ್ಣ ಮೋಟಾರು ನಿಲ್ಲಿಸಿದ. ದಕ್ಕೆಯ ಮೇಲಿನ ಆಕಾಶ ಬರಿದಾಗಿತ್ತು. ಮಳೆಗಾಲವಿಡೀ ನೋಡಿದ್ದ ಗೆರೆ ಇಲ್ಲದೆ ಅದು ತುಂಬಾ ದೊಡ್ಡದಾಗಿ ಕಂಡಿತು. ಬಲೆ ಸರಿ ಮಾಡುತ್ತಿದ್ದವರು ಎದ್ದು ನಿಂತು ಮುಂಡಾಸು ತೆಗೆದರು. ಪ್ರಭಾವತಿಯೂ ಇದ್ದಳು, ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಮುಖ ನೋಡಲು ನನಗಾಗಲಿಲ್ಲ. ಯಾರೂ ಸದ್ದು ಮಾಡಲಿಲ್ಲ, ನಮ್ಮಲ್ಲಿ ಆ ಹೊತ್ತಿಗೆ ಮಾತಾಡುವ ಪದ್ಧತಿ ಇಲ್ಲ.

ನಾನು ನೆಟ್ಟಗೆ ಅತ್ತೆಯ ಮುಂದೆ ಹೋಗಿ ನಿಂತೆ. ಅವರು ಸಿಮೆಂಟು ಕಟ್ಟೆಯ ಮೇಲೆ ಕೂತಿದ್ದರು, ಪಕ್ಕದಲ್ಲಿ ದಾಮು. ನನ್ನ ಹೆಜ್ಜೆಯ ಸದ್ದಿಗೆ ಅವರ ಮುಖ ಅರಳಿತು.

"ಬಂದ್ಯಾ ಯಮುನಾ? ಸುತ್ತಲಿಕ್ಕೆ ಆಗ್ಲಿಲ್ಲ ಅಲ್ವಾ?" ಎಂದರು. "ಒಳ್ಳೇದೇ ಆಯ್ತು ಬಿಡು. ಅಗಾ, ಅಲ್ಲೇ ಉಂಟು ನೋಡು."

ಅವರು ಬೆರಳು ತೋರಿಸಿದರು. ಅಳಿವೆಯ ಕಡೆಗಲ್ಲ, ಕಡಲಿನ ಕಡೆಗೂ ಅಲ್ಲ. ದಕ್ಕೆಯ ಹಿಂದಿನ ಐಸ್ ಫ್ಯಾಕ್ಟರಿಯ ತಗಡಿನ ಮಾಡಿನ ಕಡೆಗೆ. ಅಲ್ಲಿ ಯಾವ ಕಾಲಕ್ಕೂ ಯಾರ ಹೊಗೆಯೂ ಇದ್ದದ್ದಿಲ್ಲ.

"ಅಲ್ಲಿಯಾ ಅತ್ತೆ?" ಎಂದೆ.

"ಅಲ್ಲೇ. ಆ ದಿವ್ಸ ಅವ್ನು ಹೋಗುವಾಗ ಹೇಗೆ ಕಂಡಿತ್ತೋ ಹಾಗೇ ಉಂಟು. ಒಂದಿಷ್ಟೂ ಅಲುಗ್ಲಿಲ್ಲ."

ಅವರಿಗೆ ಕಂಡೇ ಇರಲಿಲ್ಲ. ಆ ದಿನವೂ ಕಂಡಿರಲಿಲ್ಲ, ಅದಕ್ಕೂ ಮೊದಲು ಎಷ್ಟು ದಿನದಿಂದ ಕಂಡಿರಲಿಲ್ಲವೋ. ಎಷ್ಟು ಎಣ್ಣೆ ಸುರಿದರೂ ಕಾಣದ ಕಣ್ಣಿಗೆ ಇನ್ನಷ್ಟು ಸುರಿದಿದ್ದರು. ಒಂದು ಗುಟುಕೂ ಉಪಯೋಗಕ್ಕೆ ಬಂದಿರಲಿಲ್ಲ. ಮಗ ಯಾತಕ್ಕಾಗಿ ಸತ್ತನೋ ಅದನ್ನು ಕೂಡ ಅವರು ನೋಡಿರಲಿಲ್ಲ.

ದಾಮು ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

ಅವರನ್ನು ಕ್ಷಮಿಸಿದೆ ಎಂದು ತಿಳಿಯಬೇಡಿ. ಈಗಲೂ ಒಮ್ಮೊಮ್ಮೆ ಗಂಜಿ ಬಡಿಸುವಾಗ ಆ ಉಂಡೆಗಳು ಕಣ್ಣ ಮುಂದೆ ಬಂದು ಕೈಯ ಸೌಟು ಬಿಗಿಯಾಗುತ್ತದೆ. ಆದರೆ ಸಿದ್ಧ ಮಾಡಿಕೊಂಡು ಬಂದಿದ್ದ ಮಾತು ಆ ತಗಡಿನ ಮಾಡು ನೋಡಿದ ಮೇಲೆ ನನ್ನ ಬಾಯಿಂದ ಹೊರಡಲಿಲ್ಲ.

"ಹೌದತ್ತೆ. ಸುತ್ತಲಿಕ್ಕೆ ಆಗ್ಲಿಲ್ಲ," ಎಂದೆ.

ಅವರು ನನ್ನ ಕೈ ತಡಕಿ ಹಿಡಿದುಕೊಂಡರು. "ನಾಳೆ ದಾಮು ಹೋಗ್ತಾನಲ್ಲ, ಅವನ ಕ್ಯಾನಿಗೆ ಸ್ವಲ್ಪ ಹೆಚ್ಚೇ ಹಾಕು, ಆಯ್ತಾ? ಅವನದ್ದೂ ಚಂದ ಕಾಣ್ಲಿ."

"ಹಾಕ್ತೇನೆ," ಎಂದೆ. ಅಂದೇ ಲೋಟವನ್ನೂ ಎಣ್ಣೆಯನ್ನೂ ಸಿರಿಲಣ್ಣನ ಶೆಡ್ಡಿನಲ್ಲಿಟ್ಟು ಬೀಗ ಹಾಕಿಸಿದೆ.

ಮರುದಿನ ಕ್ಯಾನಿಗೆ ಒಂದೇ ಲೋಟ ಹಾಕಿದೆ, ಪುಸ್ತಕದಲ್ಲಿದ್ದ ಹಾಗೆ ಐವತ್ತಕ್ಕೆ ಒಂದು. ದಾಮುವಿನ ಮೋಟಾರು ಒಂದೇ ಎಳೆತಕ್ಕೆ ಹತ್ತಿತು. ದೋಣಿ ದೂರವಾಗುತ್ತಾ ಹೋಯಿತು. ಅದರ ಹೊಗೆಯನ್ನು ನಾನು ಕಣ್ಣು ಕಿರಿದು ಮಾಡಿ ಹುಡುಕಿದೆ. ಬಿಸಿಲಿಗೆ ಒಮ್ಮೆ ಹೊಳೆದ ಹಾಗಾಯಿತು, ಮತ್ತೆ ಸಿಗಲಿಲ್ಲ. ಅವನು ಎಲ್ಲಿದ್ದಾನೆ ಎಂದು ಇನ್ನು ಮುಂದೆ ನನಗೂ ತಿಳಿಯದು.

ಅತ್ತೆ ಕಟ್ಟೆಯ ಮೇಲೆ ಐಸ್ ಫ್ಯಾಕ್ಟರಿಯ ಕಡೆ ಮುಖ ಮಾಡಿ ಕೂತಿದ್ದರು.

"ದಪ್ಪ ಉಂಟಾ ಯಮುನಾ?"

"ಉಂಟತ್ತೆ," ಎಂದೆ. "ತೋಳಿನಷ್ಟು ದಪ್ಪ ಉಂಟು."